ಬಾಸ್ಟನ್ ಬಂದರಿನ ದಾರಿ ಮತ್ತು ಅಳಿದ ಬಡಾವಣೆ

ಪ್ರಶ್ನೆ: ಬಾಸ್ಟನ್‌ನಲ್ಲಿರುವ ಮಗಳ ಮನೆಗೆ ಹೋಗಿದ್ದಾಗ ದಿನವೂ ಬಂದರಿನ ಅಂಚಿನಲ್ಲೇ ವಾಕಿಂಗ್ ಹೋಗುತ್ತಿದ್ದೆ. ಐಷಾರಾಮಿ ಹೋಟೆಲ್‌ಗಳ ಅಂಗಳ ಹಾದರೂ ಯಾರೂ ತಡೆಯಲಿಲ್ಲ. ಇದು ಅಲ್ಲಿನ ಪುನರಭಿವೃದ್ಧಿ ಪ್ರಾಧಿಕಾರದ ಕೆಲಸ, ಹಿಂದೊಮ್ಮೆ ಇಡೀ ಬಡಾವಣೆಯನ್ನು ಕೆಡವಿದ್ದೂ ಅದೇ ಎಂದರು ಅಳಿಯ. ಎರಡೂ ನಿಜವೇ?

ಉತ್ತರ: ನಿಜ. ಆದರೆ ನಿಮ್ಮನ್ನು ಯಾರೂ ತಡೆಯದಿದ್ದುದರ ಶ್ರೇಯಸ್ಸು ಪ್ರಾಧಿಕಾರಕ್ಕಿಂತ ಹೆಚ್ಚಾಗಿ ಹಳೆಯ ಕಾನೂನಿಗೆ ಸಲ್ಲಬೇಕು. 1640ರ ದಶಕದ ವಸಾಹತು ಕಟ್ಟಳೆ ದಡದ ಜಮೀನುದಾರರ ಒಡೆತನವನ್ನು ಸಮುದ್ರದ ಇಳಿತದ ಗೆರೆಯವರೆಗೆ ಚಾಚಿತಾದರೂ ಮೀನು ಹಿಡಿಯುವ, ದೋಣಿ ನಡೆಸುವ ಹಕ್ಕನ್ನು ಜನರಿಗೇ ಉಳಿಸಿತು. 1866ರಲ್ಲಿ ದಡದಲ್ಲಿ ಕಟ್ಟುವವರಿಗೆ ಲೈಸೆನ್ಸ್ ಪದ್ಧತಿ ಬಂತು. ಈಗ ಅದನ್ನು ಮ್ಯಾಸಚೂಸೆಟ್ಸ್ ರಾಜ್ಯ ಕಾನೂನಿನ ‘ಅಧ್ಯಾಯ 91’ ಎನ್ನುತ್ತಾರೆ. ಬಾಸ್ಟನ್ ದಡದ ಬಹುಪಾಲು ಸಮುದ್ರಕ್ಕೆ ಮಣ್ಣು ತುಂಬಿ ಮಾಡಿದ ನೆಲ. ಹಾಗಾಗಿ ಅಲ್ಲಿ ಕಟ್ಟಡ ಎಬ್ಬಿಸುವವರು ನೀರಿನವರೆಗೆ ಜನರಿಗೆ ದಾರಿ ಬಿಡಬೇಕು. ರೋಸ್ ವಾರ್ಫ್‌ನ ದೊಡ್ಡ ಕಮಾನನ್ನು ನೀವು ದಾಟಿರಬಹುದು. ಹೋಟೆಲಿನ ಹೊಟ್ಟೆಯೊಳಗೇ ಹಾದುಹೋಗುವ ಸಾರ್ವಜನಿಕ ದಾರಿ ಅದು. ಹೀಗೆ ಬಿಡಿಬಿಡಿಯಾಗಿದ್ದ ತುಣುಕುಗಳನ್ನು 1980ರ ದಶಕದಿಂದ ‘ಹಾರ್ಬರ್‌ವಾಕ್’ ಎಂಬ ಒಂದೇ ದಾರಿಯಾಗಿ ಪೋಣಿಸಿದ್ದರಲ್ಲಿ ಪ್ರಾಧಿಕಾರದ ಪಾಲು ದೊಡ್ಡದು.

ಇನ್ನು ಕೆಡವಿದ ಬಡಾವಣೆ, ವೆಸ್ಟ್ ಎಂಡ್. ಪ್ರಾಧಿಕಾರ ಹುಟ್ಟಿದ್ದು 1957ರಲ್ಲಿ. ಮರುವರ್ಷವೇ ಅದು ಈ ಬಡಾವಣೆಯನ್ನು ಸ್ವಾಧೀನಕ್ಕೆ ತೆಗೆದುಕೊಂಡಿತು. ಇಟಾಲಿಯನ್ನರು, ಯಹೂದಿಗಳು, ಪೋಲರು ಒತ್ತೊತ್ತಾಗಿ ಬದುಕಿದ್ದ ಕೇರಿ ಅದು. ಕಡತದಲ್ಲಿ ‘ಕೊಳೆಗೇರಿ’ ಎಂಬ ಒಂದು ಪದ ಬಿದ್ದರೆ ಸಾಕಿತ್ತು, ಉಳಿದದ್ದನ್ನು ಕಾನೂನೇ ನೋಡಿಕೊಳ್ಳುತ್ತಿತ್ತು: ಮನೆಗಳನ್ನು ಕೊಂಡು, ಕೆಡವಿ, ನೆಲವನ್ನು ಖಾಸಗಿ ಬಿಲ್ಡರ್‌ಗೆ ಅಗ್ಗಕ್ಕೆ ಕೊಡಬಹುದು, ನಷ್ಟದ ಮೂರನೇ ಎರಡು ಪಾಲನ್ನು ಫೆಡರಲ್ ಸರ್ಕಾರ ತುಂಬಿಕೊಡುತ್ತದೆ. ಇಂಥ ಸ್ವಾಧೀನ ಸಿಂಧು ಎಂದು ಅಮೆರಿಕದ ಸುಪ್ರೀಂ ಕೋರ್ಟ್ 1954ರಲ್ಲೇ ಹೇಳಿಯಾಗಿತ್ತು. ಮನೆ ಮಾಲೀಕರಿಗೆ ಪರಿಹಾರವಾದರೂ ಬಂತು. ಅಲ್ಲಿದ್ದ ಹೆಚ್ಚಿನವರು ಬಾಡಿಗೆದಾರರು. ಸುಮಾರು 2,700 ಕುಟುಂಬಗಳು ಚದುರಿಹೋದವು. ಆ ಜಾಗದಲ್ಲಿ ಎದ್ದ ಅಪಾರ್ಟ್‌ಮೆಂಟ್ ಗೋಪುರಗಳ ಬಳಿ, ಟ್ರಾಫಿಕ್‌ನಲ್ಲಿ ಸಿಕ್ಕಿಕೊಂಡವರಿಗೆ ಕಾಣುವಂತೆ ಒಂದು ಫಲಕ ಹಾಕಿದರು: ‘ನೀವು ಇಲ್ಲಿ ವಾಸವಿದ್ದಿದ್ದರೆ ಇಷ್ಟು ಹೊತ್ತಿಗೆ ಮನೆ ಸೇರಿರುತ್ತಿದ್ದಿರಿ.’ ಒಕ್ಕಲೆದ್ದವರು ಅದನ್ನು ಹೇಗೆ ಓದಿಕೊಂಡಿರಬೇಕು! ಪ್ರಾಧಿಕಾರ ಕ್ಷಮೆ ಕೇಳಿದ್ದು 2015ರಲ್ಲಿ.

ಸ್ವಾಧೀನದ ಅಧಿಕಾರವೇ ಕೆಟ್ಟದ್ದು ಎಂದು ಮಾತ್ರ ನಾನು ಹೇಳಲಾರೆ. ಬಾಸ್ಟನ್‌ನದೇ ಇನ್ನೊಂದು ಬಡಾವಣೆ ರಾಕ್ಸ್‌ಬರಿಯ ಡಡ್ಲಿ ಸ್ಟ್ರೀಟ್ ಸುತ್ತ ಸುಟ್ಟ ಮನೆಗಳ ಖಾಲಿ ನಿವೇಶನಗಳು ಕಸದ ಗುಡ್ಡೆಗಳಾಗಿದ್ದವು. 1984ರಲ್ಲಿ ಅಲ್ಲಿನ ನಿವಾಸಿಗಳು ಸಂಘ ಕಟ್ಟಿ ತಾವೇ ಯೋಜನೆ ಬರೆದರು. 1988ರಲ್ಲಿ ಪ್ರಾಧಿಕಾರ ಅಂಥ ಖಾಲಿ ಜಾಗಗಳನ್ನು ಸ್ವಾಧೀನಪಡಿಸಿಕೊಳ್ಳುವ ಅಧಿಕಾರವನ್ನು ಅವರ ಕೈಗೇ ಕೊಟ್ಟಿತು, ಅಮೆರಿಕದಲ್ಲಿ ಬಲು ಅಪರೂಪದ ಸಂಗತಿ ಇದು. ನೆಲ ಇಂದಿಗೂ ಆ ಸಂಘದ ಭೂ ಟ್ರಸ್ಟ್‌ನ ಹೆಸರಿನಲ್ಲಿದೆ. ಮನೆ ಮಾರುವಾಗ ಬೆಲೆಗೆ ಮಿತಿ ಇದೆ. ಅದೇ ಅಸ್ತ್ರ, ಹಿಡಿದ ಕೈ ಬೇರೆ.

ಮುಂದಿನ ಸಲ ಹೋದಾಗ ನಾರ್ತ್ ಸ್ಟೇಷನ್ ಪಕ್ಕದ ಲೊಮ್ಯಾಸ್ನಿ ವೇಗೆ ಹೋಗಿ. ಅಕ್ಕಪಕ್ಕ ಏನೂ ಇಲ್ಲದೆ ಕಿರಿದಾದ ಇಟ್ಟಿಗೆಯ ಮನೆಯೊಂದು ಒಂಟಿಯಾಗಿ ನಿಂತಿದೆ. ಹಳೆಯ ವೆಸ್ಟ್ ಎಂಡ್‌ನ ವಠಾರಗಳಲ್ಲಿ ಉಳಿದ ಕೊನೆಯದು ಅದು.