ಮುಳುಗಿದ ಮನೆಯ ಚಿತ್ರ: ಫೋಟೋ ಇಲ್ಲದೆ ಶುರು ಮಾಡೋದು ಹೇಗೆ

ಅಮ್ಮ ಹುಟ್ಟಿದ ಮನೆ ಶರಾವತಿ ಹಿನ್ನೀರಿನಲ್ಲಿ ಮುಳುಗಿದೆ, ಒಂದು ಫೋಟೋ ಕೂಡ ಇಲ್ಲ, ನೆಟ್‌ನಲ್ಲಿ ಸಿಗುವ ಮಲೆನಾಡಿನ ಮನೆ ನೋಡಿ ಬಿಡಿಸಲಾ ಅಂತ ಕೇಳಿದ್ದೀರಿ. ಬೇಡ. ಅದು ಯಾರದೋ ಹೋಂಸ್ಟೇ ಆಗುತ್ತದೆ, ನಿಮ್ಮ ಅಜ್ಜಿ ಮನೆ ಆಗುವುದಿಲ್ಲ.

ಆ ಹಿನ್ನೀರು ನಿಂತಿರುವ ಲಿಂಗನಮಕ್ಕಿ ಅಣೆಕಟ್ಟು ಮುಗಿದದ್ದು 1964ರಲ್ಲಿ. ಆ ಮನೆ ಕಂಡವರು ಈಗ ಕೆಲವರೇ, ಹಾಗಾಗಿ ಬಣ್ಣ ತರುವ ಮೊದಲು ಅಮ್ಮನ ಹತ್ತಿರ ಕೂತುಕೊಳ್ಳಿ. "ಮನೆ ಹೇಗಿತ್ತು" ಅಂತ ಕೇಳಿದರೆ "ಚೆನ್ನಾಗಿತ್ತು" ಅಂದು ಸುಮ್ಮನಾಗುತ್ತಾರೆ. ಮಳೆಗಾಲದಲ್ಲಿ ಬಟ್ಟೆ ಎಲ್ಲಿ ಒಣಗಿಸುತ್ತಿದ್ದಿರಿ, ರಾತ್ರಿ ಬಚ್ಚಲಿಗೆ ಯಾವ ಕಡೆಯಿಂದ ಹೋಗುತ್ತಿದ್ದಿರಿ, ಇಂಥದ್ದು ಕೇಳಿ. ಅವರು ಹೇಳುತ್ತಾ ಹೋದಂತೆ ಪೆನ್ಸಿಲ್‌ನಲ್ಲಿ ನೆಲದ ನಕ್ಷೆ ಹಾಕಿ. ಪೆನ್ಸಿಲ್ ಅವರ ಕೈಗೂ ಕೊಡಿ. ಅಮ್ಮ ಒಂದು, ಮಾವ ಇನ್ನೊಂದು ಹೇಳಿದರೆ ಎರಡನ್ನೂ ಬರೆದಿಡಿ. ಜಗುಲಿಯೇ ಅರ್ಧ ಮನೆ ಅಂತ ಅಮ್ಮನ ನೆನಪಿದ್ದರೆ ಚಿತ್ರದಲ್ಲೂ ಅಷ್ಟೇ ದೊಡ್ಡದಿರಲಿ. ಪರ್ಸ್ಪೆಕ್ಟಿವ್ (ಕಣ್ಣಿಗೆ ಕಾಣುವ ದೂರ-ಹತ್ತಿರದ ಅಳತೆ) ಹಠ ಇಲ್ಲಿ ಬೇಡ.

ಒಂದು ವಿಷಯ ಮಾತ್ರ ಕಣ್ಣಾರೆ ನೋಡಿ ಬಿಡಿಸಬಹುದು. ಊರು ಮುಳುಗಿದೆ, ಸುತ್ತಲಿನ ಎತ್ತರದ ಗುಡ್ಡಗಳು ಮುಳುಗಿಲ್ಲ. ಬೇಸಿಗೆಯಲ್ಲಿ ನೀರು ಇಳಿದು, ಅದೇ ಹಿನ್ನೀರಿನಲ್ಲಿ ಮುಳುಗಿರುವ ಹಳೇ ಮಡೆನೂರು ಅಣೆಕಟ್ಟು ಕಾಣುವ ಹೊತ್ತಿಗೆ ಅಮ್ಮನನ್ನೂ ಆ ಕಡೆ ಕರೆದುಕೊಂಡು ಹೋಗಿ. ಮನೆಯಂಗಳದಿಂದ ಕಾಣುತ್ತಿದ್ದ ಗುಡ್ಡ ಯಾವುದು ಅಂತ ತೋರಿಸಲಿ.

ನಿಮ್ಮದು ದೀವರ (ಮಲೆನಾಡಿನ ಒಂದು ಸಮುದಾಯ) ಮನೆ ಅಂದಿರಿ. ಹಾಗಾದರೆ ಶೈಲಿಗೆ ಹೊರಗೆ ಯಾಕೆ ಹುಡುಕಬೇಕು? ದೀವರು ಗೋಡೆಗೆ ಬರೆಯುವ ಮದುವೆಯ ಹಸೆ ಚಿತ್ತಾರದಲ್ಲಿ ಮದುಮಕ್ಕಳು, ಹಕ್ಕಿ, ಗಿಡ ಎಲ್ಲ ಬರೀ ಗೆರೆಗಳಲ್ಲೇ ನಿಲ್ಲುತ್ತವೆ, ಅಲ್ವಾ. ಕೆಮ್ಮಣ್ಣಿನ ಹಿನ್ನೆಲೆ, ಅಕ್ಕಿ ಹಿಟ್ಟಿನ ಬಿಳಿ, ಹುರಿದು ಕರಿ ಮಾಡಿದ ಅಕ್ಕಿಯ ಕಪ್ಪು, ಗುರಿಗೆ ಕಾಯಿಯ ಹಳದಿ, ಪುಂಡಿ ನಾರಿನ ಕುಂಚ.

ಕೆಮ್ಮಣ್ಣು ಆ ಕಡೆಯದೇ ತನ್ನಿ. ನೀರಿನಲ್ಲಿ ಕದಡಿ, ಬಟ್ಟೆಯಲ್ಲಿ ಸೋಸಿ, ತಳಕ್ಕೆ ಕೂತ ನುಣುಪು ಮಣ್ಣಿಗೆ ಸ್ವಲ್ಪ ಫೆವಿಕಾಲ್ ಬೆರೆಸಿ ಪ್ಲೈವುಡ್ ಮೇಲೆ ತೆಳುವಾಗಿ ಎರಡು ಸಲ ಬಳಿಯಿರಿ. ದಪ್ಪ ಬಳಿದರೆ ಬಿರುಕು ಬಿಡುತ್ತದೆ. ಅಕ್ಕಿ ಹಿಟ್ಟಿಗೆ ಹುಳ, ಬೂಸ್ಟು ಬರುವುದು ಜಾಸ್ತಿ, ಗಿಡದ ಹಳದಿ ಬಿಸಿಲಿಗೆ ಮಾಸಬಹುದು. ಗೋಡೆಗೆ ತೂಗುಹಾಕುವ ಚಿತ್ರಕ್ಕೆ ಇವೆರಡನ್ನು ಅಕ್ರಿಲಿಕ್‌ನಲ್ಲೇ ಮಾಡಿ. ಶುದ್ಧ ಸಂಪ್ರದಾಯ ಬೇಕು ಅನ್ನುವವರು ಬೈದರೆ ಬೈಯಲಿ.

ಅಮ್ಮನಿಗೆ ಚಿತ್ತಾರ ಬರೆಯಲು ಬರುತ್ತದಾ? ಬಂದರೆ ಗೋಡೆಯ ಭಾಗ ಅವರಿಗೇ ಬಿಡಿ. ನಕ್ಷೆ ಆದ ಮೇಲೆ ಇಲ್ಲಿ ಹಾಕಿ, ಬೋರ್ಡಿನ ಅಳತೆ ನೋಡೋಣ.