"ನಾನು ನೋಡಿದ್ದು ಗೊತ್ತಾಗುತ್ತಲ್ಲ ಮೇಡಂ"

ಹೆಸರು, ಜಾಗ, ಕೆಲವು ವಿವರ ಬದಲಿಸಿದ್ದೇನೆ. ಸಿಬ್ಬಂದಿಯ ಮೇಲೆ ಗುಟ್ಟಾಗಿ ಕಣ್ಣಿಟ್ಟ ಮಾಲೀಕರು ಈಚೆಗೆ ಸಲಹೆ ಕೇಳಲು ನನ್ನ ಹತ್ತಿರ ಜಾಸ್ತಿ ಬರುತ್ತಿದ್ದಾರೆ. ನಿದ್ದೆ ಬರಲ್ಲ, ಸುಮ್ಸುಮ್ನೆ ಸಿಟ್ಟು ಬರುತ್ತೆ ಅನ್ನುತ್ತಾರೆ. ಮಾತು ಮುಂದುವರಿದರೆ ಸಿಬ್ಬಂದಿಯ ಕಂಪ್ಯೂಟರ್‌ಗೆ ಬಂದು ನಿಲ್ಲುತ್ತದೆ.

ಇವರನ್ನು ರಮೇಶ್ ಅನ್ನೋಣ. ರಾಜಾಜಿನಗರದಲ್ಲಿ ಪುಟ್ಟ ಟ್ಯಾಕ್ಸ್ ಆಫೀಸು, ಏಳು ಜನ ಕೆಲಸಕ್ಕೆ. ಒಬ್ಬ ಗ್ರಾಹಕರ ಜಿಎಸ್‌ಟಿ ರಿಟರ್ನ್ ತಡವಾಗಿ, ದಿನಕ್ಕೆ 50 ರೂಪಾಯಿಯಂತೆ ಲೇಟ್ ಫೀ ಬಿತ್ತು. ದುಡ್ಡಿಗಿಂತ ಮರ್ಯಾದೆ ಹೋದದ್ದು ಅವರನ್ನು ಕಾಡಿತು. ಯಾರಿಗೂ ಹೇಳದೆ ಎಲ್ಲ ಕಂಪ್ಯೂಟರ್‌ಗೂ ಒಂದು ಸಾಫ್ಟ್‌ವೇರ್ ಹಾಕಿಸಿದರು. ಐದೈದು ನಿಮಿಷಕ್ಕೆ ಒಂದು ಸ್ಕ್ರೀನ್‌ಶಾಟ್. ರಾತ್ರಿ ಊಟ ಆದಮೇಲೆ ಅವನ್ನೆಲ್ಲ ಮೊಬೈಲ್‌ನಲ್ಲಿ ನೋಡುತ್ತಾ ಕೂರುವುದು.

"20ನೇ ತಾರೀಕು, ತಿಂಗಳ ಜಿಎಸ್‌ಟಿ ರಿಟರ್ನ್ 3ಬಿ ಕಟ್ಟೋಕೆ ಕೊನೇ ದಿನ. ಕಿರಣ್ ಕ್ರಿಕೆಟ್ ಸ್ಕೋರ್ ನೋಡ್ತಿದ್ದಾನೆ ಮೇಡಂ" ಅಂದರು.

"ಜಿಎಸ್‌ಟಿ ಪೋರ್ಟಲ್ ಓಡ್ತಿತ್ತಾ ಆಗ?"

"ಎಲ್ಲಿ ಓಡತ್ತೆ, 20ನೇ ತಾರೀಕು..." ಅಂದವರು ಅಲ್ಲೇ ನಿಲ್ಲಿಸಿದರು. ಆ ದಿನದ ರಿಟರ್ನ್‌ಗಳೆಲ್ಲ ಸಂಜೆಯೊಳಗೆ ಮುಗಿದಿದ್ದವು. ಪುಟ ತೆರೆಯಲಿ ಅಂತ ಕಾಯುವಾಗ ಯಾರಾದರೂ ಇನ್ನೊಂದು ಟ್ಯಾಬ್ ನೋಡುತ್ತಾರೆ. ಸ್ಕ್ರೀನ್‌ಶಾಟ್‌ನಲ್ಲಿ ಸಿಕ್ಕಿದ್ದು ಆ ಟ್ಯಾಬ್ ಮಾತ್ರ.

ನಿಜವಾದ ವಿಷಯ ಇನ್ನೂ ಹೊರಗೆ ಬಂದಿರಲಿಲ್ಲ. ಅದೇ ಕಿರಣ್ ಒಂದು ಮಧ್ಯಾಹ್ನ ಕೆಲಸ ಹುಡುಕುವ ಸೈಟ್ ತೆರೆದಿದ್ದ. ಅವತ್ತಿನಿಂದ ರಮೇಶ್ ಅವನಿಗೆ ಹೊಸ ಫೈಲ್ ಕೊಡಲಿಲ್ಲ. ನೆಟ್ಟಗೆ ಮಾತಾಡಲೂ ಇಲ್ಲ. "ಸರ್, ನನ್ನಿಂದ ಏನಾದ್ರೂ ತಪ್ಪಾಯ್ತಾ?" ಅಂತ ಅವನೇ ಬಂದು ಕೇಳಿದ್ದಾನೆ. "ಏನಿಲ್ಲ, ಹೋಗಿ ಕೆಲಸ ನೋಡು" ಅಂದಿದ್ದಾರೆ.

"ಯಾಕೆ ಬಿಡ್ತಿದ್ದೀಯಾ ಅಂತ ಅಲ್ಲೇ ಕೇಳಬಹುದಿತ್ತಲ್ಲ?"

"ಹೇಗೆ ಕೇಳೋದು? ಕೇಳಿದ್ರೆ ನಾನು ನೋಡಿದ್ದು ಗೊತ್ತಾಗುತ್ತಲ್ಲ ಮೇಡಂ."

ನನ್ನ ಸಲಹೆ ಹುಟ್ಟಿದ್ದೇ ಈ ಮಾತಿನಿಂದ. ಕದ್ದು ತಿಳಿದ ವಿಷಯವನ್ನು ಇಟ್ಟುಕೊಂಡು ಏನೂ ಮಾಡುವ ಹಾಗಿಲ್ಲ. ಸಮಾಧಾನ ಹೇಳುವ ಹಾಗಿಲ್ಲ, ಬೈಯುವ ಹಾಗೂ ಇಲ್ಲ. ಅದು ಒಳಗೇ ಕುದಿಯುತ್ತದೆ, ಆಮೇಲೆ ಮುಖದಲ್ಲಿ ಕಾಣುತ್ತದೆ. ಕಿರಣ್‌ಗೆ ಕಂಡಿದ್ದೂ ಆ ಮುಖವೇ.

ಮೊದಲು ಆ ಸ್ಕ್ರೀನ್‌ಶಾಟ್ ನಿಲ್ಲಿಸಿ ಅಂದೆ. ಬೇಡದ ಸೈಟ್‌ಗಳನ್ನು ರೂಟರ್‌ನಲ್ಲೇ ತಡೆಯಿರಿ. ರೂಟರ್‌ನಲ್ಲಿ ಸಾಮಾನ್ಯವಾಗಿ ಯಾವ ಸೈಟ್ ತೆರೆದರು ಅನ್ನುವಷ್ಟೇ ಕಾಣುತ್ತದೆ, ನಿಮಗೆ ಅಷ್ಟು ಸಾಕು. ಸ್ಕ್ರೀನ್‌ಶಾಟ್ ಆದರೆ ಬ್ಯಾಂಕ್ ಬ್ಯಾಲೆನ್ಸು, ಆಸ್ಪತ್ರೆ ರಿಪೋರ್ಟು, ಮನೆಯವರ ಮೆಸೇಜು ಎಲ್ಲವನ್ನೂ ಎಳೆದು ತರುತ್ತದೆ. ಏನು ನೋಡುತ್ತೀರಿ, ಯಾಕೆ ಅಂತ ಕನ್ನಡದಲ್ಲೇ ಒಂದು ಹಾಳೆ ಬರೆದು ಎಲ್ಲರ ಕೈಗೂ ಕೊಡಿ. ಕೆಲಸ ಅಳೆಯಬೇಕಾದರೆ ಫೈಲ್ ಆದ ರಿಟರ್ನ್‌ಗಳಿವೆ, ಅದನ್ನು ನೋಡಿ.

ಕೊನೆಯದೇ ಕಷ್ಟದ್ದು: ಇಷ್ಟು ದಿನ ನೋಡಿದ್ದನ್ನು ಎಲ್ಲರ ಮುಂದೆ ನೀವೇ ಹೇಳಿ.

"ಕಂಪ್ಯೂಟರ್ ನಂದು, ಇಂಟರ್ನೆಟ್ ಬಿಲ್ ಕಟ್ಟೋನೂ ನಾನೇ" ಅಂದರು. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯನ್ನೂ ಎತ್ತಿದರು. ಉದ್ಯೋಗದ ಉದ್ದೇಶಕ್ಕೆ, ಸಂಸ್ಥೆಗೆ ನಷ್ಟ ಆಗದಂತೆ ತಡೆಯುವುದಕ್ಕೆ ಮಾಲೀಕರು ಸಿಬ್ಬಂದಿಯ ಮಾಹಿತಿ ಬಳಸಬಹುದು ಅಂತ ಅದರಲ್ಲಿ ಇರುವುದು ಹೌದು. ಆದರೆ ಅವರು ನನ್ನ ಹತ್ತಿರ ಬಂದದ್ದು ಕಾನೂನು ಕೇಳಲಿಕ್ಕಲ್ಲ, ನಿದ್ದೆ ಬಾರದ್ದಕ್ಕೆ.

ಮುಚ್ಚಿಟ್ಟು ಸಾಫ್ಟ್‌ವೇರ್ ತೆಗೆದಿದ್ದರೆ ಸಾಕಿತ್ತು, ಸುಮ್ನೆ ಯಾಕೆ ಎಲ್ಲರಿಗೂ ನೋವು ಅಂತ ನನ್ನ ಜೊತೆ ಕೆಲಸ ಮಾಡುವವರೇ ಕೇಳಿದ್ದುಂಟು. ನಾನು ಒಪ್ಪುವುದಿಲ್ಲ. ಹಾಗೆ ಮಾಡಿದ್ದರೆ ಕಿರಣ್ ತಾನೇನೋ ತಪ್ಪು ಮಾಡಿದ್ದೇನೆ ಅಂತಲೇ ಅಂದುಕೊಂಡು ಇರುತ್ತಿದ್ದ. ಅದು ಅನ್ಯಾಯ ಅಲ್ವಾ?

ಕೊನೆಗೆ ರಮೇಶ್ ಎಲ್ಲರ ಮುಂದೆ ಹೇಳಿದರು. ಒಬ್ಬ ಹೆಣ್ಣುಮಗಳಿಗೆ ವಿಪರೀತ ಸಿಟ್ಟು ಬಂತು. ತನ್ನ ಬ್ಯಾಂಕ್ ಖಾತೆಯ ಪುಟ ಅದರಲ್ಲಿದೆ, ತನ್ನ ಎದುರೇ ಅಳಿಸಿ ಅಂದಳು. ಎಲ್ಲರೂ ನೋಡುತ್ತಿದ್ದಂತೆ ಅವರು ಎಲ್ಲವನ್ನೂ ಅಳಿಸಿದರು. ಕಿರಣ್ ಕೆಲಸ ಹುಡುಕುತ್ತಿದ್ದದ್ದು ನಿಜವೇ ಆಗಿತ್ತು. ಸಂಬಳ ಸಾಲುತ್ತಿರಲಿಲ್ಲ, ಕೇಳಲು ಹಿಂಜರಿಕೆ. ರಮೇಶ್ ಸ್ವಲ್ಪ ಏರಿಸಿದರೂ ಅವನು ನಿಲ್ಲಲಿಲ್ಲ. ಮಾರ್ಚ್ ಮುಗಿಸಿ, ತನ್ನ ಫೈಲ್‌ಗಳನ್ನೆಲ್ಲ ಪಕ್ಕದ ಮೇಜಿನವನಿಗೆ ಕೂತು ವಿವರಿಸಿ ಹೋದ. ಒಳ್ಳೆ ಹುಡುಗನನ್ನು ಕಳೆದುಕೊಂಡೆ ಅನ್ನುವ ಬೇಸರ ರಮೇಶ್‌ಗೆ ಈಗಲೂ ಇದೆ. ರಾತ್ರಿ ಮೊಬೈಲ್ ಹಿಡಿದು ಕೂರುವುದು ಮಾತ್ರ ನಿಂತಿದೆ.