ಅಕ್ಕಿ ಸಿಗುತ್ತಿದ್ದರೂ ತಾಯಿ, ಮಗು ಯಾಕೆ ಸೊರಗುತ್ತಾರೆ?

"ರೇಷನ್ ಅಕ್ಕಿ ಸಿಗುತ್ತೆ, ಅಂಗನವಾಡಿ ಇದೆ, ಆದರೂ ತಾಯಿ-ಮಕ್ಕಳ ಅಪೌಷ್ಟಿಕತೆ ಯಾಕೆ ಹೋಗುತ್ತಿಲ್ಲ? ಬಡ ದೇಶಗಳು ಏನು ಮಾಡಬೇಕು?" ಅಂತ ಕೇಳಿದ್ದೀರಿ. ನಾನು ಶಿಡ್ಲಘಟ್ಟ ತಾಲ್ಲೂಕಿನ ಒಂದು ಹಳ್ಳಿಯಲ್ಲಿ ಹದಿನಾಲ್ಕು ವರ್ಷದಿಂದ ಅಂಗನವಾಡಿ ಟೀಚರ್. ಕಣ್ಣಾರೆ ಕಂಡದ್ದನ್ನು ಮೊದಲು ಹೇಳುತ್ತೇನೆ.

ನಮ್ಮೂರಲ್ಲಿ ಒಲೆ ಹತ್ತದ ಮನೆ ಈಗ ಇಲ್ಲ. ಆದರೆ ಸೊಸೆ ಎಲ್ಲರಿಗೂ ಬಡಿಸಿ ಕೊನೆಗೆ ಕೂರುತ್ತಾಳೆ. ಅಷ್ಟರಲ್ಲಿ ಸಾರಿನ ಕಾಳೆಲ್ಲ ಬೇರೆಯವರ ತಟ್ಟೆ ಸೇರಿರುತ್ತದೆ, ಅವಳಿಗೆ ಮುದ್ದೆ ಮತ್ತು ತಿಳಿ. ಹೊಟ್ಟೆ ತುಂಬುತ್ತದೆ, ರಕ್ತ ತುಂಬುವುದಿಲ್ಲ.

ಹೆರಿಗೆಯಾದ ಮೇಲೆ ಪಥ್ಯ. ಒಂದು ಮನೆಗೆ ಹೋದಾಗ ಬಾಣಂತಿಗೆ ಹನ್ನೆರಡನೇ ದಿನ. ತಟ್ಟೆಯಲ್ಲಿ ಅನ್ನ, ಮೆಣಸಿನ ಸಾರು, ಸುಟ್ಟ ಬೆಳ್ಳುಳ್ಳಿ, ಅಷ್ಟೇ. ಕುಡಿಯುವ ನೀರಿಗೂ ಲೆಕ್ಕ. "ಸೊಪ್ಪು ತಿಂದ್ರೆ ಮಗೀಗೆ ಶೀತ ಆಗ್ತದೆ ಟೀಚರಮ್ಮ, ನಾವೆಲ್ಲ ಹಿಂಗೇ ಇದ್ದು ಬಂದೋರು" ಅಂದರು ಅತ್ತೆ. ಅವರು ಕೆಟ್ಟವರಲ್ಲ, ಸೊಸೆಗೆ ನೀರು ಕಾಯಿಸಲು ಬೆಳಗಿನ ಜಾವ ನಾಲ್ಕಕ್ಕೇ ಏಳುತ್ತಿದ್ದರು. ವಾದ ಮಾಡಲಿಲ್ಲ. "ಸಬ್ಬಸಿಗೆ ಸೊಪ್ಪು ಆಗ್ತದಾ ಅಮ್ಮ?" ಅಂದೆ. "ಅದು ಹಾಲಿಗೆ ಒಳ್ಳೇದಲ್ವಾ" ಅಂದರು. ಸಬ್ಬಸಿಗೆಯ ಜೊತೆ ತೊಗರಿಬೇಳೆ ಬಂತು, ಮೂರನೇ ವಾರಕ್ಕೆ ಮೊಟ್ಟೆಯೂ ಬಂತು. ಪೋಸ್ಟರ್ ಅಂಟಿಸಿದ್ದರೆ ಇದು ಆಗುತ್ತಿರಲಿಲ್ಲ.

ಆರು ತಿಂಗಳು ತುಂಬಿದ ಮೇಲೆ ಇನ್ನೊಂದು ಗಂಡಾಂತರ. ಎದೆಹಾಲೊಂದೇ ಸಾಲದ ವಯಸ್ಸಿನಲ್ಲಿ ನೀರಿನಂಥ ಗಂಜಿ ಕುಡಿಸುತ್ತಾರೆ. ಮಗುವಿನ ಹೊಟ್ಟೆ ಚಿಕ್ಕದು, ನೀರೇ ತುಂಬಿಕೊಂಡರೆ ಬಲ ಎಲ್ಲಿಂದ? ನಮ್ಮ ಅಜ್ಜಿಯಂದಿರು ರಾಗಿ ನೆನೆಸಿ, ಮೊಳಕೆ ಕಟ್ಟಿ, ಒಣಗಿಸಿ, ಬೀಸಿ, ಬಟ್ಟೆಯಲ್ಲಿ ಜಾಲಿಸಿ ಮಗುವಿಗೆ 'ರಾಗಿ ಸರಿ' ಅನ್ನುವ ಹಿಟ್ಟು ಮಾಡುತ್ತಿದ್ದರು. ಮೊಳಕೆಯಲ್ಲಿ ಹುಟ್ಟುವ ಕಿಣ್ವ ಹಿಟ್ಟಿನ ಪಿಷ್ಟವನ್ನು ಕರಗಿಸುತ್ತದೆ. ಹಾಗಾಗಿ ಅದೇ ಬಟ್ಟಲಿಗೆ ಹಿಟ್ಟು ಹೆಚ್ಚು ಹಾಕಿದರೂ ಮಗು ನುಂಗುವಷ್ಟು ತೆಳ್ಳಗಿರುತ್ತದೆ. ಅದಕ್ಕೊಂದು ಚಮಚ ತುಪ್ಪ ಬಿಟ್ಟರಂತೂ ಇನ್ನೂ ಒಳ್ಳೆಯದು. ಈಗ ಆ ಜಾಗಕ್ಕೆ ಹತ್ತು ರೂಪಾಯಿಯ ಬಿಸ್ಕತ್ತು ಬಂದಿದೆ. ಇದನ್ನು ನೋಡಿದರೆ ನನಗೆ ಹೊಟ್ಟೆ ಉರಿಯುತ್ತದೆ.

ಗರ್ಭದ ಒಂಬತ್ತು ತಿಂಗಳು, ಆಮೇಲಿನ ಎರಡು ವರ್ಷ, ಸುಮಾರು 1,000 ದಿನ. ಆಗ ಕುಗ್ಗಿದ ಎತ್ತರವನ್ನು ಶಾಲೆಯ ಬಿಸಿಯೂಟದಿಂದ ತುಂಬಿಕೊಡುವುದು ಬಹಳ ಕಷ್ಟ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಕರ್ನಾಟಕದ ಐದು ವರ್ಷದೊಳಗಿನ ಮಕ್ಕಳಲ್ಲಿ ಶೇ. 35.4ರಷ್ಟು ವಯಸ್ಸಿಗೆ ತಕ್ಕ ಎತ್ತರ ಇಲ್ಲದವರು. ಮೂರಕ್ಕೆ ಒಂದಕ್ಕಿಂತ ಹೆಚ್ಚು. ತೋಳು ಅಳೆಯುವ ಟೇಪು 11.5 ಸೆಂಟಿಮೀಟರಿಗಿಂತ ಕೆಳಗೆ ಕೆಂಪು ತೋರಿಸುತ್ತದೆ, ಆ ಮಗುವನ್ನು ಕೂಡಲೇ ಆಸ್ಪತ್ರೆಗೆ ಕಳಿಸುತ್ತೇವೆ. ಬರೀ ಕುಳ್ಳಗಾದ ಮಗು ಆ ಟೇಪಿಗೆ ಸಿಗುವುದಿಲ್ಲ. ತಾಯಿಯೂ "ನಮ್ಮ ವಂಶವೇ ಕುಳ್ಳು" ಅಂದು ಸುಮ್ಮನಾಗುತ್ತಾಳೆ.

ಬಡ ದೇಶಗಳು ಏನು ಮಾಡಬೇಕು ಅಂದಿರಿ. ನೇಪಾಳ ನೋಡಿ. 2001ರಲ್ಲಿ ಅಲ್ಲಿನ ಶೇ. 57ರಷ್ಟು ಮಕ್ಕಳು ಹೀಗೆ ಕುಗ್ಗಿದವರು, 2022ಕ್ಕೆ ಅದು ಶೇ. 25. ಒಂದೇ ಮದ್ದಿನಿಂದ ಆದದ್ದಲ್ಲ: ಹೆಣ್ಣುಮಕ್ಕಳು ಓದಿದರು, ಶೌಚಾಲಯ ಬಂತು, ಗರ್ಭಿಣಿಯರ ತಪಾಸಣೆ ಹೆಚ್ಚಿತು, ಮನೆಗೆ ನಾಲ್ಕು ಕಾಸು ಬಂತು. ಪದೇ ಪದೇ ಭೇದಿಯಾಗುವ ಮಗುವಿಗೆ ಎಷ್ಟು ಉಣಿಸಿದರೂ ಮೈಗೆ ಹತ್ತುವುದಿಲ್ಲ, ಅದಕ್ಕೇ ಶೌಚಾಲಯದ ಮಾತು.

ನಮ್ಮಲ್ಲಿ 2017ರ ಅಕ್ಟೋಬರ್ 2ರಿಂದ ಮಾತೃಪೂರ್ಣ ಇದೆ, ಗರ್ಭಿಣಿ-ಬಾಣಂತಿಯರಿಗೆ ಅಂಗನವಾಡಿಯಲ್ಲೇ ಮಧ್ಯಾಹ್ನದ ಬಿಸಿಯೂಟ. ಒಳ್ಳೆಯ ಯೋಜನೆ, ಊಟ ಅವಳ ಬಾಯಿಗೇ ಹೋಗುತ್ತದೆ. ಆದರೆ ರೇಷ್ಮೆ ನೂಲು ತೆಗೆಯುವ ಫಿಲೇಚರಿಗೆ ಹೋಗುವವಳು ಮಧ್ಯಾಹ್ನ ಎದ್ದು ಬಂದರೆ ಅರ್ಧ ದಿನದ ಕೂಲಿ ಹೋಯಿತು. ಅಡುಗೆ ಆಗಿರುತ್ತದೆ, ಅವಳ ತಟ್ಟೆ ಖಾಲಿ ಇರುತ್ತದೆ. ಎಂಟು ತಿಂಗಳ ಕೂಸಿಗೆ ಮನೆಯಲ್ಲಿ ಆರು ವರ್ಷದ ಅಕ್ಕ ಸರಿ ತಿನ್ನಿಸುತ್ತಿರುತ್ತಾಳೆ. ನರೇಗಾ ಕೆಲಸಕ್ಕೆ ಹೋಗುವ ತಾಯಂದಿರಿಗಾಗಿ 2023ರಲ್ಲಿ 'ಕೂಸಿನ ಮನೆ' ಅಂತ ಮಕ್ಕಳನ್ನು ನೋಡಿಕೊಳ್ಳುವ ಕೇಂದ್ರ ಘೋಷಿಸಿದರಲ್ಲ, ಅಂಥದ್ದು ಫಿಲೇಚರಿನ ಪಕ್ಕದಲ್ಲೂ ಒಂದು ಬೇಕು. ಮಗು ಅಲ್ಲೇ ಇರಲಿ, ತಾಯಿ ನಡುವೆ ಬಂದು ಹಾಲು ಕುಡಿಸಲಿ, ಅವಳ ಊಟವೂ ಅಲ್ಲಿಗೇ ಬರಲಿ. ನಾಲ್ಕು ವರ್ಷದಿಂದ ಗ್ರಾಮಸಭೆಯಲ್ಲಿ ನಾನು ಕೇಳುತ್ತಿರುವುದು ಇದನ್ನೇ.